ನಿಕಾಲಿ ಮತ್ತು ಬರಾಬರಿ: ಜಗತ್ತಿನ ಅಗ್ರಪಟ್ಟವನ್ನು ಕುರಿತ ಒಂದು ವಿಚಾರಣೆ

ಆರು ಖಂಡಗಳ ಫುಟ್‌ಬಾಲ್ ಒಕ್ಕೂಟಗಳು ತಮ್ಮ ತಮ್ಮ ವ್ಯಾಪ್ತಿಯ ಕ್ಲಬ್‌ಗಳ ನಡುವೆ ಪಂದ್ಯಗಳನ್ನು ನಡೆಸಿ ಒಂದೊಂದು ಕ್ಲಬ್ಬನ್ನು ಆಯಾ ಖಂಡದ ಚಾಂಪಿಯನ್ ಎಂದು ಸಾರುತ್ತವೆ. ಹೀಗೆ ಬಂದ ಚಾಂಪಿಯನ್ನರನ್ನು ಮತ್ತೆ ಎದುರುಬದುರು ನಿಲ್ಲಿಸಿ, ಸೋತವರನ್ನು ಸೋತ ಹಂತದಲ್ಲೇ ಹೊರಗಿಡುತ್ತ ಹೋಗಿ, ಕೊನೆಗೆ ಉಳಿಯುವ ಒಂದೇ ಕ್ಲಬ್ಬಿಗೆ ಜಗತ್ತಿನ ಅಗ್ರಪಟ್ಟ ಕಟ್ಟುವ ಪಂದ್ಯಾವಳಿಗೆ ಇಂಟರ್‌ಕಾಂಟಿನೆಂಟಲ್ ಕಪ್ ಎಂದೂ, ಒಮ್ಮೆ ಸೋತವರಿಗೆ ಮರು ಅವಕಾಶವಿಲ್ಲದ ಆ ಕ್ರಮಕ್ಕೆ ನಾಕೌಟ್ ಎಂದೂ ಹೆಸರು. ಈ ಪಂದ್ಯಾವಳಿಯೊಳಗೆ ಒಂದು ಹಳೆಯ ತಾತ್ತ್ವಿಕ ಪ್ರಶ್ನೆ ಅಡಗಿದೆ. ಕೊನೆಗೆ ಉಳಿದವನು ಶ್ರೇಷ್ಠನೆಂಬುದು ಪಂದ್ಯಕ್ಕೆ ಮೊದಲೇ ಇದ್ದ ಸತ್ಯವಾಗಿ, ಪಂದ್ಯವು ಅದನ್ನು ಬೆಳಕಿಗೆ ತಂದಿತೊ, ಅಥವಾ ಪಂದ್ಯವೇ ಆ ಶ್ರೇಷ್ಠತೆಯನ್ನು ಹುಟ್ಟಿಸಿತೊ? ಮೊದಲನೆಯದು ನಿಜವಾದರೆ ಗೆಲುವು ಜ್ಞಾನದ ಸಾಧನ, ಎರಡನೆಯದು ನಿಜವಾದರೆ ಗೆಲುವು ಕೇವಲ ತೀರ್ಪು. ಈ ಎರಡರ ನಡುವಿನ ಅಂತರವು ಆಟದ ಮೈದಾನವನ್ನು ದಾಟಿ ಮತ, ಧರ್ಮ, ದರ್ಶನಗಳ ನಡುವಿನ ವಾದಗಳಿಗೂ ಹಬ್ಬುತ್ತದೆ.

ಇಂಥ ಪ್ರಶ್ನೆಯನ್ನು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಂದ ನೋಡುವುದಕ್ಕೆ ಕಾರಣವಿದೆ. ಘಟಪ್ರಭೆಯ ನೀರುಂಡ ಈ ಸೀಮೆಯಿಂದ ಯಾವ ಕ್ಲಬ್ಬೂ ಖಂಡದ ಪಂದ್ಯಾವಳಿಗೆ ಹೋದದ್ದಿಲ್ಲ. ಆದರೆ ಸ್ಪರ್ಧೆ ಎಂದರೇನು, ಅದು ಎಲ್ಲಿ ಮುಗಿಯಬೇಕು, ಯಾವಾಗ ಮುಗಿಯಕೂಡದು ಎಂಬ ವಿಚಾರದಲ್ಲಿ ಇಲ್ಲಿಯ ಜಾತ್ರೆಗಳು ಬಹುಕಾಲದ ಅನುಭವವನ್ನು ಕೂಡಿಸಿಟ್ಟಿವೆ. ಆ ಅನುಭವದಲ್ಲಿ ಫುಟ್‌ಬಾಲಿನ ಅಧಿಪತಿಗಳು ಕಾಣದೆ ಹೋದ ಒಂದು ವಿವೇಕವಿದೆ ಎಂಬುದೇ ಈ ಲೇಖನದ ನಿಲುವು.

ಮೊದಲು ಪಟ್ಟದ ಚರಿತ್ರೆಯನ್ನು ನೋಡಬೇಕು, ಏಕೆಂದರೆ ಅದು ಪ್ರಶ್ನೆಯನ್ನು ತಾನೇ ಬಿಡಿಸಿ ತೋರಿಸುತ್ತದೆ. 1960ರಲ್ಲಿ ಯುರೋಪಿನ ಚಾಂಪಿಯನ್ ರಿಯಲ್ ಮ್ಯಾಡ್ರಿಡ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ಪೆನ್ಯರೋಲ್ ಈ ಕಪ್ಪಿಗಾಗಿ ಮೊದಲ ಬಾರಿಗೆ ಎದುರಾದವು. ಮಾಂಟೆವಿಡಿಯೊದಲ್ಲಿ ಗೋಲಿಲ್ಲದೆ ಪಂದ್ಯ ಸಮವಾಯಿತು, ಮ್ಯಾಡ್ರಿಡ್‌ನಲ್ಲಿ ರಿಯಲ್ 5–1ರಿಂದ ಗೆದ್ದಿತು. ಆರಂಭದ ವರ್ಷಗಳಲ್ಲಿ ಎರಡು ಪಂದ್ಯಗಳ ಗೋಲುಗಳನ್ನು ಕೂಡಿಸುವ ಪದ್ಧತಿ ಇರಲಿಲ್ಲ, ತಲಾ ಒಂದು ಗೆಲುವು ಬಂದರೆ ಮೂರನೆಯ ಪಂದ್ಯ ಆಡಬೇಕಾಗಿತ್ತು. ಆದ್ದರಿಂದ 1961ರಲ್ಲಿ ಬೆನ್ಫಿಕಾದೆದುರು ಲಿಸ್ಬನ್‌ನಲ್ಲಿ 0–1ರಿಂದ ಸೋತು ತನ್ನ ನೆಲದಲ್ಲಿ 5–0ರಿಂದ ಗೆದ್ದ ಪೆನ್ಯರೋಲ್ ಮತ್ತೊಮ್ಮೆ ಕಣಕ್ಕಿಳಿದು 2–1ರಿಂದ ಗೆದ್ದ ಮೇಲೆಯೇ ಪಟ್ಟ ಪಡೆಯಿತು. ಮುಂದೆ ಗೋಲುಗಳ ಒಟ್ಟು ಲೆಕ್ಕ ಬಂದಿತು, 1980ರಿಂದ ಟೋಕಿಯೊದಲ್ಲಿ ಒಂದೇ ಪಂದ್ಯದ ತೀರ್ಮಾನ ಬಂದಿತು. ನಿಯಮ ಬದಲಾದಂತೆ ‘ಶ್ರೇಷ್ಠ’ ಎಂಬ ಮಾತನ್ನು ತೀರ್ಮಾನಿಸುವ ಬಗೆಯೂ ಬದಲಾಯಿತು. ಮೊದಲೇ ಇದ್ದ ಸತ್ಯವೊಂದನ್ನು ಅಳೆಯುವ ಕೋಲು ಇಷ್ಟು ಸಲ ಬದಲಾಗುವುದಾದರೆ ಅಳತೆಗೆ ಸಿಕ್ಕದ್ದು ಸತ್ಯವೇ ಎಂಬ ಸಂಶಯ ಸಹಜವಾಗಿ ಏಳುತ್ತದೆ.

ಇದಕ್ಕಿಂತ ಗಂಭೀರವಾದದ್ದು ಎಪ್ಪತ್ತರ ದಶಕದ ಸಂಗತಿ. 1967ರಲ್ಲಿ ಸೆಲ್ಟಿಕ್ ಮತ್ತು ರೇಸಿಂಗ್ ಕ್ಲಬ್‌ಗಳ ಮೂರನೆಯ ಪಂದ್ಯದಲ್ಲಿ, 1969ರಲ್ಲಿ ಮಿಲಾನ್ ಮತ್ತು ಎಸ್ತುದಿಯಾಂತೆಸ್ ಪಂದ್ಯದಲ್ಲಿ ಆಟವು ಹೊಡೆದಾಟಕ್ಕೆ ಇಳಿದ ಬಳಿಕ ಯುರೋಪಿನ ಚಾಂಪಿಯನ್ನರು ಈ ಕಪ್ಪಿನಿಂದ ಹಿಂದೆ ಸರಿಯತೊಡಗಿದರು. 1971ರಲ್ಲಿ ಅಯಾಕ್ಸ್ ಒಲ್ಲೆನೆಂದಿತು, ಬದಲಿಗೆ ಪಾನಾಥಿನೈಕೊಸ್ ಆಡಿತು. 1974ರ ಸಾಲಿನಲ್ಲಿ ಬಾಯರ್ನ್ ಮ್ಯೂನಿಕ್ ಒಲ್ಲೆನೆಂದಿತು, ಯುರೋಪಿನ ಅಂತಿಮ ಪಂದ್ಯದಲ್ಲಿ ಆ ಬಾಯರ್ನ್‌ಗೇ ಸೋತಿದ್ದ ಅತ್ಲೆಟಿಕೊ ಮ್ಯಾಡ್ರಿಡ್ ಅದರ ಜಾಗದಲ್ಲಿ ಆಡಿ ಅರ್ಜೆಂಟೀನಾದ ಇಂಡಿಪೆಂಡಿಯೆಂಟೆಯನ್ನು ಸೋಲಿಸಿ ಪಟ್ಟ ಕಟ್ಟಿಸಿಕೊಂಡಿತು. ತನ್ನ ಖಂಡದಲ್ಲೇ ಎರಡನೆಯದಾಗಿದ್ದ ಕ್ಲಬ್ಬು ಜಗತ್ತಿಗೆ ಮೊದಲನೆಯದಾಯಿತು. 1975 ಮತ್ತು 1978ರಲ್ಲಿ ಪಂದ್ಯಗಳು ನಡೆಯಲೇ ಇಲ್ಲ, ಹಾಗೆಂದು ಆ ಎರಡು ಸಾಲಿಗೆ ಜಗತ್ತಿನಲ್ಲಿ ಶ್ರೇಷ್ಠ ಕ್ಲಬ್ಬೇ ಇರಲಿಲ್ಲವೆಂದು ಯಾರೂ ಹೇಳಲಾರರು. ಈ ಕಪ್ಪು 2004ರಲ್ಲಿ ನಿಂತುಹೋಗಿ, 2000ದಲ್ಲಿ ಆರಂಭವಾಗಿದ್ದ ಫಿಫಾದ ಕ್ಲಬ್ ವಿಶ್ವಕಪ್ 2005ರಿಂದ ಅದರ ಸ್ಥಾನಕ್ಕೆ ಬಂದಿತು. ಹಳೆಯ ಕಪ್ಪಿನ ವಿಜೇತರನ್ನೂ ವಿಶ್ವ ಚಾಂಪಿಯನ್ನರೆಂದು ಫಿಫಾ ಮಂಡಳಿ ಮನ್ನಿಸಿದ್ದು 2017ರ ಅಕ್ಟೋಬರ್‌ನಲ್ಲಿ, ಕೊಲ್ಕತ್ತದಲ್ಲಿ ಸೇರಿದ್ದ ಸಭೆಯಲ್ಲಿ. ಹೀಗೆ 1960ರ ಗೆಲುವು ಜಗತ್ತಿನ ಗೆಲುವೆಂದು ಆ ಸಂಸ್ಥೆಯಿಂದ ಮುದ್ರೆ ಪಡೆಯಲು 57 ವರ್ಷ ಹಿಡಿಯಿತು. ಆಡಿದವರಲ್ಲಿ ಹಲವರು ಅಷ್ಟರಲ್ಲಿ ತೀರಿಹೋಗಿದ್ದರು. ಕ್ಲಬ್ ವಿಶ್ವಕಪ್ಪನ್ನು ನಾಲ್ಕು ವರ್ಷಕ್ಕೊಮ್ಮೆ 32 ತಂಡಗಳಿಗೆ ವಿಸ್ತರಿಸುವ ಏರ್ಪಾಡಾದ ಮೇಲೆ, ಖಂಡಗಳ ಚಾಂಪಿಯನ್ನರ ವಾರ್ಷಿಕ ಪಂದ್ಯಾವಳಿ 2024ರಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ಎಂಬ ಹಳೆಯ ಹೆಸರಿನಿಂದಲೇ ಮರಳಿತು.

ಇಷ್ಟರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಅಗ್ರಪಟ್ಟವು ಒಪ್ಪಂದ, ನಿಯಮ, ಹಾಜರಾತಿ, ಅಧಿಕಾರದ ಮನ್ನಣೆ ಇವುಗಳಿಂದ ನೇಯ್ದದ್ದು. ಹಾಗೆಂದು ಅದನ್ನು ಸುಳ್ಳೆನ್ನಲಾಗದು. ನ್ಯಾಯಾಲಯದ ತೀರ್ಪೂ ಹೀಗೆಯೇ ನೇಯ್ದದ್ದಾದರೂ ಅದಕ್ಕೆ ಬೆಲೆಯಿದೆ. ಆದರೆ ತೀರ್ಪನ್ನು ತೀರ್ಪೆಂದೇ ತಿಳಿಯಬೇಕು.

ಗೋಕಾಕ ಸೀಮೆಯ ಜಾತ್ರೆಗಳಲ್ಲಿ ಕುಸ್ತಿ ನಡೆಯುವ ಕ್ರಮವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಜಾತ್ರೆಯ ಭಿತ್ತಿಪತ್ರಗಳಲ್ಲಿ ‘ಜಂಗೀ ನಿಕಾಲಿ ಕುಸ್ತಿಗಳು’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ನಿಕಾಲಿ ಎಂದರೆ ಅಂಕಗಳ ಲೆಕ್ಕವಿಲ್ಲದೆ, ಒಬ್ಬನ ಬೆನ್ನು ಮಣ್ಣಿಗೆ ತಾಗಿ ಅವನು ಚಿತ್ ಆಗುವವರೆಗೂ ನಡೆಯುವ, ಸೋಲು-ಗೆಲುವು ಕಣ್ಣೆದುರೇ ಇತ್ಯರ್ಥವಾಗಬೇಕಾದ ಕುಸ್ತಿ. ಈ ದೃಷ್ಟಿಯಿಂದ ಅದು ನಾಕೌಟಿಗಿಂತಲೂ ಕಠಿಣವಾದದ್ದು. ಆದರೆ ನಿಕಾಲಿ ಕುಸ್ತಿಯ ದಿನದ ಕೊನೆಗೆ ಇಡೀ ಜಾತ್ರೆಗೆ ಒಬ್ಬನೇ ವಿಜೇತ ಎಂಬವನು ಇರುವುದಿಲ್ಲ. ಹಿರಿಯ ಪೈಲ್ವಾನರೂ ಪಂಚರೂ ಕಣದಲ್ಲಿ ನಿಂತು, ಎತ್ತರ, ತೂಕ, ವಯಸ್ಸು, ತಾಲೀಮಿನ ಹಿನ್ನೆಲೆ ನೋಡಿ ಸರಿಸಮಾನರ ಜೋಡಿ ಕಟ್ಟುತ್ತಾರೆ. ಸಣ್ಣ ಹುಡುಗರ ಜೋಡಿಗಳಿಂದ ಆರಂಭವಾಗಿ ಮೊದಲ ನಂಬರಿನ ಕುಸ್ತಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಗೆದ್ದವನು ತನ್ನ ಜೋಡಿಯನ್ನು ಗೆದ್ದಿರುತ್ತಾನೆ, ಅಷ್ಟೆ. ಪಕ್ಕದ ಜೋಡಿಯಲ್ಲಿ ಗೆದ್ದವನಿಗಿಂತ ತಾನು ಮೇಲು ಎಂದು ಹೇಳಿಕೊಳ್ಳುವ ಹಕ್ಕು ಅವನಿಗೆ ಆ ಗೆಲುವಿನಿಂದ ಬರುವುದಿಲ್ಲ. ಒಂದು ಬೆನ್ನು ಒಂದು ಸಂಜೆ ಮಣ್ಣು ಕಂಡಿತು ಎಂಬಷ್ಟನ್ನೇ ಈ ಕುಸ್ತಿ ಹೇಳುತ್ತದೆ, ಮತ್ತು ಅಷ್ಟನ್ನು ಹಲಗಿಯ ಸದ್ದಿನೊಡನೆ ಸಂಶಯಕ್ಕೆ ಎಡೆಯಿಲ್ಲದಂತೆ ಹೇಳುತ್ತದೆ.

ಇದರ ಜೊತೆಗೆ ಇನ್ನೊಂದು ನಡೆಯಿದೆ. ಇಬ್ಬರೂ ಬಹಳ ಹೊತ್ತು ಕಾದಾಡಿ ಯಾರೂ ಯಾರಿಗೂ ಬಗ್ಗದೆ ಹೋದಾಗ ಪಂಚರು ನಡುವೆ ಬಂದು ಇಬ್ಬರ ಕೈಗಳನ್ನೂ ಎತ್ತಿ, ಕುಸ್ತಿ ‘ಬರಾಬರಿ’ ಎಂದು ಸಾರಿ ಬಿಡಿಸುತ್ತಾರೆ. ಬರಾಬರಿ ಎಂಬುದು ನಿಕಾಲಿಯ ಸೋಲಲ್ಲ. ಅದೂ ಒಂದು ಇತ್ಯರ್ಥ. ಈ ಇಬ್ಬರ ನಡುವೆ ಮೇಲು-ಕೀಳು ಈ ದಿನ, ಈ ಮಣ್ಣಿನಲ್ಲಿ ಕಾಣಲಿಲ್ಲ ಎಂಬ ಪ್ರಾಮಾಣಿಕ ವರದಿ. ಅಂತರರಾಷ್ಟ್ರೀಯ ನಾಕೌಟಿಗೆ ಇಂಥ ವರದಿ ಕೊಡುವ ಸ್ವಾತಂತ್ರ್ಯವಿಲ್ಲ. ಅದರ ಮುಂದಿನ ಹಂತಕ್ಕೆ ಒಬ್ಬನೇ ಬೇಕು, ಆದ್ದರಿಂದ ಇಲ್ಲದ ಅಂತರವನ್ನು ಹೇಗಾದರೂ ಹುಟ್ಟಿಸಲೇಬೇಕು. 1970ಕ್ಕೆ ಮೊದಲು ಇದಕ್ಕಾಗಿ ನಾಣ್ಯ ಚಿಮ್ಮುತ್ತಿದ್ದರು ಅಥವಾ ಚೀಟಿ ಎತ್ತುತ್ತಿದ್ದರು. 1968ರ ಯುರೋಪಿನ ರಾಷ್ಟ್ರಗಳ ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ಸೋವಿಯತ್ ಒಕ್ಕೂಟವನ್ನು ಇಟಲಿ ದಾಟಿದ್ದು ನಾಣ್ಯದ ಬಲದಿಂದ. 1970ರಲ್ಲಿ ಪೆನಾಲ್ಟಿ ಒದೆತಗಳ ಪದ್ಧತಿಗೆ ಒಪ್ಪಿಗೆ ದೊರೆಯಿತು. ನಾಣ್ಯಕ್ಕಿಂತ ಇದು ಮೇಲು, ಏಕೆಂದರೆ ಒದೆಯುವವನ ಎದೆಗಾರಿಕೆಗೂ ತಡೆಯುವವನ ಚುರುಕಿಗೂ ಇಲ್ಲಿ ಪಾಲಿದೆ. ಆದರೂ ಇದು ಎರಡು ಗಂಟೆ ಆಡಿದ ಆಟಕ್ಕಿಂತ ಬೇರೆಯದೇ ಆದ ಪರೀಕ್ಷೆ.

ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಸಿಗುವ ಕೊಲ್ಹಾಪುರದಲ್ಲಿ ಈ ಎರಡು ಲೋಕಗಳು ಒಂದೇ ಅಂಗಳದಲ್ಲಿ ಕೂಡಿವೆ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಶಾಹೂ ಮಹಾರಾಜರ ಕಾಲದ ಖಾಸಬಾಗ ಕುಸ್ತಿ ಮೈದಾನ ಇರುವ ಆ ಊರಿನ ಫುಟ್‌ಬಾಲ್ ತಂಡಗಳಲ್ಲಿ ಹಲವು ಪಾಟಾಕಡೀಲ ತಾಲೀಮ ಮಂಡಳ, ದಿಲ್‌ಬಹಾರ್ ತಾಲೀಮ ಮಂಡಳ, ಬಾಲಗೋಪಾಲ ತಾಲೀಮ ಎಂದು ತಾಲೀಮಿನ, ಅಂದರೆ ಗರಡಿಯ, ಹೆಸರನ್ನೇ ಹೊತ್ತಿವೆ. ಮಣ್ಣಿನ ಮೇಲೆ ಮೈ ಹುರಿಗೊಳಿಸಿದ ಓಣಿಗಳೇ ಚೆಂಡಿನ ಹಿಂದೆ ಓಡಿದವು. ಆದ್ದರಿಂದ ಕುಸ್ತಿಯ ವಿವೇಕದಿಂದ ಫುಟ್‌ಬಾಲಿನ ಪಟ್ಟವನ್ನು ಅಳೆಯುವುದು ದೂರದ ಎರಡು ವಸ್ತುಗಳನ್ನು ಬಲವಂತವಾಗಿ ಕೂಡಿಸಿದಂತೆ ಆಗದು.

ಭಾರತೀಯ ತರ್ಕಶಾಸ್ತ್ರವು ಸ್ಪರ್ಧೆಯನ್ನು ಬಹಳ ಸೂಕ್ಷ್ಮವಾಗಿ ವಿಂಗಡಿಸಿದೆ. ಗೌತಮನ ನ್ಯಾಯಸೂತ್ರಗಳು ಎರಡು ಪಕ್ಷಗಳ ನಡುವಿನ ಚರ್ಚೆಯನ್ನು ಮೂರು ಬಗೆಯದೆಂದು ಹೇಳುತ್ತವೆ: ಸತ್ಯವನ್ನು ತಿಳಿಯಬೇಕೆಂಬ ಒಂದೇ ಆಸೆಯಿಂದ ಗುರುಶಿಷ್ಯರೊ ಸಹಪಾಠಿಗಳೊ ನಡೆಸುವುದು ವಾದ, ಗೆಲ್ಲಬೇಕೆಂಬ ಆಸೆಯಿಂದ, ಯುಕ್ತಿ ಪ್ರತಿಯುಕ್ತಿಗಳನ್ನೆಲ್ಲ ಬಳಸಿ ನಡೆಸುವುದು ಜಲ್ಪ, ತನ್ನದೊಂದು ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯದನ್ನು ಕೆಡಹುವುದಕ್ಕಷ್ಟೇ ನಡೆಸುವುದು ವಿತಂಡೆ. ಎದುರಾಳಿ ಸೋತನೆಂದು ಸಾರಬಹುದಾದ ಸಂದರ್ಭಗಳಿಗೆ ನಿಗ್ರಹಸ್ಥಾನಗಳೆಂದು ಹೆಸರಿಟ್ಟು ಅಂಥ 22ನ್ನು ಆ ಶಾಸ್ತ್ರ ಎಣಿಸುತ್ತದೆ. ಪ್ರತಿಜ್ಞೆಯನ್ನು ಬಿಟ್ಟುಕೊಟ್ಟವನು, ಉತ್ತರ ಹೊಳೆಯದೆ ಸುಮ್ಮನಾದವನು, ಹೇಳಿದ್ದನ್ನೇ ಮತ್ತೆ ಹೇಳಿದವನು ಸೋತಂತೆಯೇ ಲೆಕ್ಕ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಉತ್ತರ ಹೊಳೆಯದವನು ಸೋಲುತ್ತಾನೆ, ಆದರೆ ಅವನ ಪಕ್ಷ ಸುಳ್ಳಾಗುವುದಿಲ್ಲ, ಮರುದಿನ ಅದೇ ಪಕ್ಷವನ್ನು ಹಿಡಿದ ಬೇರೊಬ್ಬನಿಗೆ ಉತ್ತರ ಹೊಳೆಯಬಹುದು. ಜಲ್ಪವನ್ನು ಹಾಗೆಂದು ಸೂತ್ರಕಾರ ತಿರಸ್ಕರಿಸುವುದಿಲ್ಲ. ಮೊಳಕೆಯನ್ನು ಕಾಯಲು ಮುಳ್ಳಿನ ಬೇಲಿ ಬೇಕಾದಂತೆ ಸತ್ಯನಿಶ್ಚಯವನ್ನು ಕಾಯಲು ಜಲ್ಪವೂ ಬೇಕು ಎಂಬುದು ಅವನ ಅಭಿಪ್ರಾಯ. ಬೇಲಿಯನ್ನೇ ಬೆಳೆ ಎಂದು ತಿಳಿಯುವುದಷ್ಟೇ ತಪ್ಪು. ನಾಕೌಟ್ ಪಂದ್ಯಾವಳಿ ಜಲ್ಪದ ಜಾತಿಗೆ ಸೇರಿದ್ದು. ನಿಗ್ರಹಸ್ಥಾನ ಅಲ್ಲಿ ಗೋಲು. ಗೋಲು ಬಿತ್ತೆಂಬುದು ನಿಶ್ಚಿತ, ಗೋಲು ಹೊಡೆದವನ ಆಟ ಎಲ್ಲ ಕಾಲಕ್ಕೂ ಮೇಲೆಂಬುದು ಅನಿಶ್ಚಿತ.

ಗೆಲುವಿನಲ್ಲಿ ಗೆದ್ದವನ ಪಾಲು ಎಷ್ಟು ಎಂಬುದು ಇದಕ್ಕೆ ಅಂಟಿಕೊಂಡ ಧಾರ್ಮಿಕ ಪ್ರಶ್ನೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಯಾವ ಕರ್ಮವೂ ಐದು ಕಾರಣಗಳು ಕೂಡಿದಾಗ ಮಾತ್ರ ಸಿದ್ಧಿಸುತ್ತದೆ ಎಂದು ಬೋಧಿಸುತ್ತದೆ. ಕರ್ಮಕ್ಕೆ ನೆಲೆಯಾದ ಅಧಿಷ್ಠಾನ, ಮಾಡುವ ಕರ್ತೃ, ಸಾಧನಗಳಾದ ಕರಣ, ಬಗೆಬಗೆಯ ಚೇಷ್ಟೆ ಅಂದರೆ ಪ್ರಯತ್ನಗಳು, ಐದನೆಯದಾಗಿ ದೈವ. ಈ ಐದರಲ್ಲಿ ಕರ್ತೃ ಒಂದು ಪಾಲು ಮಾತ್ರ. ತಾನೊಬ್ಬನೇ ಮಾಡಿದೆನೆಂದು ತಿಳಿಯುವವನು ಕಾಣುವುದನ್ನು ಕಾಣುತ್ತಿಲ್ಲ ಎಂಬುದು ಆ ಬೋಧೆಯ ತಿರುಳು. ಮಹಾಭಾರತದ ಅನುಶಾಸನ ಪರ್ವದಲ್ಲಿ ಯುಧಿಷ್ಠಿರನು ದೈವ ಮತ್ತು ಪುರುಷಕಾರ, ಅಂದರೆ ಮನುಷ್ಯ ಪ್ರಯತ್ನ, ಇವೆರಡರಲ್ಲಿ ಯಾವುದು ಮೇಲೆಂದು ಕೇಳಿದಾಗ ಭೀಷ್ಮನು ಪ್ರಯತ್ನವನ್ನು ಹೊಲಕ್ಕೂ ದೈವವನ್ನು ಬೀಜಕ್ಕೂ ಹೋಲಿಸಿದ ಹಳೆಯ ಸಂವಾದವನ್ನು ಮುಂದಿಡುತ್ತಾನೆ. ಅಲ್ಲಿಯ ಒಲವು ಪ್ರಯತ್ನದ ಕಡೆಗಿದ್ದರೂ ಒಂದಿಲ್ಲದೆ ಇನ್ನೊಂದು ಫಲಿಸದು ಎಂಬುದು ಅದರ ನೆಲೆ.

ಕರ್ನಾಟಕದ ಕ್ಲಬ್ಬೊಂದರ ಚರಿತ್ರೆಯಲ್ಲಿ ಈ ಐದು ಕಾರಣಗಳನ್ನು ಬಿಡಿಸಿ ನೋಡಬಹುದು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ 2016ರ ಎಎಫ್‌ಸಿ ಕಪ್‌ನಲ್ಲಿ, ಅಂದರೆ ಏಷ್ಯಾದ ಕ್ಲಬ್‌ಗಳ ಎರಡನೆಯ ಶ್ರೇಣಿಯ ಪಂದ್ಯಾವಳಿಯಲ್ಲಿ, ಹಿಂದಿನ ವರ್ಷದ ವಿಜೇತ ಮಲೇಷ್ಯಾದ ಜೊಹೋರ್ ದಾರುಲ್ ತಾಜಿಮ್ ತಂಡವನ್ನು ಸೆಮಿಫೈನಲ್‌ನಲ್ಲಿ ಎದುರಿಸಿತು. ಹೊರನೆಲದ ಪಂದ್ಯ 1–1ರಿಂದ ಸಮವಾದ ಮೇಲೆ ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿಯ ಎರಡು ಗೋಲುಗಳೂ ಹುವಾನನ್‌ನ ಒಂದು ಗೋಲೂ ಸೇರಿ 3–1ರಿಂದ ಗೆದ್ದು, ಆ ಕಪ್ಪಿನ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ಕ್ಲಬ್ಬಾದ ಅಲ್ ಕುವಾ ಅಲ್ ಜವಿಯಾ ತಂಡದ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲು ಕಪ್ಪನ್ನು ಬಾಗ್ದಾದಿಗೆ ಒಯ್ದಿತು. ಬೆಂಗಳೂರಿನ ತಂಡ ತನ್ನ ಸ್ವಂತ ಹುಲ್ಲಿನ ಮೇಲೆ, ತನ್ನ ಜನರ ಕೂಗಿನ ನಡುವೆ ಗೆದ್ದಿತ್ತು. ದೋಹಾದಲ್ಲಿ ಅಧಿಷ್ಠಾನ ಬೇರೆಯಾಗಿತ್ತು. ತರಬೇತುದಾರ ಅಲ್ಬರ್ಟ್ ರೋಕಾ ಕೊಟ್ಟ ತರಬೇತಿ, ಆಟಗಾರರ ಕಾಲಿನ ಬಲ, ಮಾಡಿದ ಪ್ರಯತ್ನ ಒಂದೂ ಹದಿನೇಳು ದಿನಗಳಲ್ಲಿ ಮಾಯವಾಗಿರಲಿಲ್ಲ. ಸೋತ ತಂಡದ ಯೋಗ್ಯತೆ ಸೆಮಿಫೈನಲಿನ ರಾತ್ರಿ ಎಷ್ಟಿತ್ತೋ ಅಂತಿಮ ಪಂದ್ಯದ ರಾತ್ರಿಯೂ ಅಷ್ಟೇ ಇತ್ತು ಎಂದು ಹೇಳುವುದು ಸಮಾಧಾನದ ಮಾತಲ್ಲ, ಕಾರಣಗಳ ಸರಿಯಾದ ಲೆಕ್ಕ. ಇದೇ ಲೆಕ್ಕವು ಗೆದ್ದವರಿಗೂ ಅನ್ವಯಿಸುತ್ತದೆ. 2025ರ ಡಿಸೆಂಬರ್‌ನಲ್ಲಿ ಕತಾರಿನಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ಮತ್ತು ಬ್ರೆಜಿಲಿನ ಫ್ಲಮೆಂಗೊ 1–1ರಿಂದ ಸಮವಾಗಿ, ಪೆನಾಲ್ಟಿಯಲ್ಲಿ 2–1ರಿಂದ ಪ್ಯಾರಿಸ್ ತಂಡಕ್ಕೆ ಇಂಟರ್‌ಕಾಂಟಿನೆಂಟಲ್ ಕಪ್ ಒಲಿಯಿತು. ಗೋಕಾಕದ ಪಂಚರು ಅಲ್ಲಿ ಇದ್ದಿದ್ದರೆ ಎರಡೂ ತಂಡಗಳ ಕೈ ಎತ್ತಿ ಬಿಡುತ್ತಿದ್ದರು.

ಜಗತ್ತನ್ನೇ ಗೆದ್ದೆನೆಂಬ ಭಾವದ ಮೇಲೆ ಕನ್ನಡದಲ್ಲಿ ನಡೆದ ಅತ್ಯಂತ ಆಳವಾದ ಚಿಂತನೆ ಪಂಪನ ಆದಿಪುರಾಣದಲ್ಲಿದೆ. ಅದು 941ರ ಕಾವ್ಯ. ಷಟ್ಖಂಡವನ್ನೂ ಗೆದ್ದ ಭರತ ಚಕ್ರವರ್ತಿ ತನ್ನ ಕೀರ್ತಿಯನ್ನು ಕೆತ್ತಿಸಲು ವೃಷಭಾಚಲಕ್ಕೆ ಹೋದಾಗ ಆ ಬೆಟ್ಟದ ತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳೇ ಕಿಕ್ಕಿರಿದಿರುತ್ತವೆ. ತನ್ನ ಹೆಸರಿಗೆ ಜಾಗ ಬೇಕಾದರೆ ಇನ್ನೊಬ್ಬನದನ್ನು ಅಳಿಸಬೇಕಾಗುತ್ತದೆ. ಮುಂದೆ ತಮ್ಮ ಬಾಹುಬಲಿಯೊಡನೆ ಸೈನ್ಯಗಳ ಹತ್ಯೆ ತಪ್ಪಿಸಲು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಧರ್ಮಯುದ್ಧಗಳು ಗೊತ್ತಾಗುತ್ತವೆ. ಮೂರರಲ್ಲೂ ತಮ್ಮನೇ ಗೆಲ್ಲುತ್ತಾನೆ. ಸೋತ ಭರತ ಒಪ್ಪಂದವನ್ನು ಮೀರಿ ಚಕ್ರವನ್ನು ಪ್ರಯೋಗಿಸುತ್ತಾನೆ, ಚಕ್ರ ಬಾಹುಬಲಿಯನ್ನು ಕೊಲ್ಲದೆ ಬಲವಂದು ನಿಲ್ಲುತ್ತದೆ. ಇಲ್ಲಿ ನಿಕಾಲಿ ಆಗಿಹೋಯಿತು. ಅನುಮಾನಕ್ಕೆ ಎಡೆಯೇ ಇಲ್ಲ. ಗೆದ್ದವನು ಪಟ್ಟವನ್ನು ಸೋತ ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಡೆಯುತ್ತಾನೆ. ಗೆಲುವನ್ನು ನಿರಾಕರಿಸಿದವನೆಂದು ಅವನನ್ನು ಕೊಂಡಾಡುವುದು ರೂಢಿ. ಆದರೆ ಅವನು ಗೆಲುವನ್ನು ನಿರಾಕರಿಸಲಿಲ್ಲ. ಮೂರು ಯುದ್ಧಗಳನ್ನೂ ಪೂರ್ಣ ಬಲದಿಂದ ಆಡಿ ಗೆದ್ದ. ಆ ಗೆಲುವು ತನಗೆ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದನ್ನು ಅಣ್ಣನನ್ನು ಮೇಲೆತ್ತಿ ಹಿಡಿದ ಕ್ಷಣದಲ್ಲಿ ಕಂಡ. ಸ್ಪರ್ಧೆಯಲ್ಲಿ ಪೂರ್ತಿ ತೊಡಗಿ ಸ್ಪರ್ಧೆಯ ಮಿತಿಯನ್ನು ಕಾಣುವುದು ಸ್ಪರ್ಧೆಯಿಂದ ದೂರ ಉಳಿಯುವುದಕ್ಕಿಂತ ಕಷ್ಟವಾದ ದಾರಿ. ಈ ಸೀಮೆಯಲ್ಲೇ, ರಟ್ಟರ ಕಾಲದ ಜೈನ ಶಾಸನವುಳ್ಳ ಕಲ್ಲೋಳಿ ಇಂದು ಮಾರುತಿಯ ಕ್ಷೇತ್ರವಾಗಿಯೂ ಹೆಸರಾದದ್ದು. ಮಲ್ಲರ ದೇವತೆಯಾದ ಹನುಮಂತನೂ ಬಲವನ್ನು ತನ್ನದೆಂದುಕೊಳ್ಳದೆ ಒಡೆಯನ ಪಾದದಲ್ಲಿ ಇಟ್ಟವನು.

ಆಟ ಹೀಗಾದರೆ, ಮತಗಳ ಕಥೆ ಏನು? ಧರ್ಮಗಳ ನಡುವಿನ ಪ್ರಶ್ನೆಯನ್ನು ನಾಕೌಟಿಗೆ ಒಡ್ಡಿದ ನಿದರ್ಶನಗಳು ಕರ್ನಾಟಕದ ಶಾಸನಗಳಲ್ಲೇ ಇವೆ. ಜೈನ ಪಂಡಿತ ಅಕಲಂಕನು ಹಿಮಶೀತಳ ರಾಜನ ಸಭೆಯಲ್ಲಿ ಬೌದ್ಧರನ್ನು ಸೋಲಿಸಿದ್ದನ್ನು ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಹೆಮ್ಮೆಯಿಂದ ನೆನೆಯುತ್ತದೆ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನವು ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ, ತನ್ನ ತಲೆಯನ್ನು ಅರಿದು ಶಿವನಿಗೊಪ್ಪಿಸಿ ಮರಳಿ ಪಡೆದನೆಂದೂ, ಪಂಥದಂತೆ ನಡೆಯಲೊಪ್ಪದವರ ಜಿನಬಿಂಬವನ್ನು ಕೆಡಹಿದನೆಂದೂ, ಕೊನೆಗೆ ದೊರೆ ಬಿಜ್ಜಳನಿಂದ ಜಯಪತ್ರ ಪಡೆದನೆಂದೂ ಹೇಳುತ್ತದೆ. ಜಯಪತ್ರವು ಗೆದ್ದ ಪಕ್ಷದ ಭಕ್ತಿಯ ಬಲವನ್ನು ತೋರಿಸಿರಬಹುದು. ಶಿವನೇ ಪರತತ್ತ್ವವೆ, ಅರ್ಹಂತನ ದಾರಿಯೇ ಮುಕ್ತಿಯೆ ಎಂಬುದನ್ನು ಅದು ಇತ್ಯರ್ಥ ಮಾಡಲಿಲ್ಲ, ಮಾಡಲಾರದು. ಇಂಥ ಪ್ರಶ್ನೆಗೆ ಕನ್ನಡ ನಾಡು ಕಂಡ ಉಚಿತವಾದ ತೀರ್ಪು 1368ರದು. ಜೈನರಿಗೂ ಶ್ರೀವೈಷ್ಣವರಿಗೂ ಬಂದ ಜಗಳದಲ್ಲಿ ವಿಜಯನಗರದ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ ಕಲ್ಲಿನಲ್ಲಿ ಬರೆಸಿದನು. ಜಾತ್ರೆಯ ಕಣದಲ್ಲಿ ಪಂಚರು ಸಾರುವ ಬರಾಬರಿಯು ಇದೇ ನ್ಯಾಯದ ಸಣ್ಣ ರೂಪ. ಗೋಕಾಕ ತಾಲ್ಲೂಕಿನ ಸಾವಳಗಿಯ ಶಿವಲಿಂಗೇಶ್ವರ ಪೀಠ ಕಲಬುರಗಿಯ ಖ್ವಾಜಾ ಬಂದೇನವಾಜರ ಸ್ನೇಹವನ್ನು ತನ್ನ ಪರಂಪರೆಯೊಳಗೇ ಇಟ್ಟುಕೊಂಡು ಹಿಂದೂ–ಮುಸ್ಲಿಂ ಸೌಹಾರ್ದಕ್ಕೆ ಹೆಸರಾಗಿರುವುದೂ ಇದೇ ನೆಲದ ಸಂಗತಿ.

ಬರಾಬರಿಗಿಂತಲೂ ಮುಂದೆ ಹೋದ ಇನ್ನೊಂದು ಸ್ಪರ್ಧಾರೂಪ ಈ ಸೀಮೆಯಲ್ಲಿದೆ, ಅದು ಹರದೇಶಿ–ನಾಗೇಶಿ. ಗೀಗೀ ಪದಗಳ ಎರಡು ಮೇಳಗಳು ಎದುರುಬದುರಾಗಿ ನಿಂತು ರಾತ್ರಿಯಿಡೀ ಹಾಡುವ ಈ ಪದ್ಧತಿಯಲ್ಲಿ ಹರದೇಶಿಯವರು ಶಿವನೇ ಹೆಚ್ಚು, ಪುರುಷನೇ ಮೊದಲು ಎಂದೂ, ನಾಗೇಶಿಯವರು ಶಕ್ತಿಯೇ ಹೆಚ್ಚು, ಹೆಣ್ಣಿಲ್ಲದೆ ಜಗತ್ತೇ ಇಲ್ಲ ಎಂದೂ ಪಕ್ಷ ಹಿಡಿಯುತ್ತಾರೆ. ಮೊದಲನೆಯದಕ್ಕೆ ತುರಾಯಿ, ಎರಡನೆಯದಕ್ಕೆ ಕಲ್ಗಿ ಎಂಬ ಹೆಸರೂ ಉಂಟು. ದಪ್ಪು, ತುಂತುಣಿ, ತಾಳಗಳ ನಡುವೆ ಒಂದು ಮೇಳ ಸವಾಲು ಎಸೆಯುತ್ತದೆ, ಇನ್ನೊಂದು ಪುರಾಣದಿಂದ, ಸಂಸಾರದಿಂದ, ಹೊಲಮನೆಯ ಅನುಭವದಿಂದ ಜವಾಬು ಹುಡುಕಿ ತರುತ್ತದೆ. ವಾದ ಖಾರವೇರುತ್ತದೆ, ಕೇಳುವವರು ಎರಡು ಪಾಲಾಗುತ್ತಾರೆ, ಎದುರಿನ ಮೇಳ ಮಾತಿಗೆ ತಡವರಿಸಿದರೆ ಜನ ಹೋ ಎನ್ನುತ್ತಾರೆ. ಆದರೆ ಬೆಳಗಿನ ಹೊತ್ತಿಗೆ ಎರಡೂ ಮೇಳಗಳು ಶಿವ–ಶಕ್ತಿಯರು ಬೇರೆಯಲ್ಲ, ಗಂಡು–ಹೆಣ್ಣು ಒಂದನ್ನೊಂದು ಬಿಟ್ಟು ಇಲ್ಲ ಎಂಬಲ್ಲಿಗೆ ಬಂದು ಒಟ್ಟಾಗಿ ಮಂಗಳ ಹಾಡಿ ಮುಗಿಸುತ್ತವೆ. ಈ ಮುಕ್ತಾಯ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಆದರೂ ರಾತ್ರಿಯ ವಾದದಲ್ಲಿ ಯಾರೂ ಕೈ ಕಟ್ಟಿ ಕೂರುವುದಿಲ್ಲ. ಗೌತಮನ ಪರಿಭಾಷೆಯಲ್ಲಿ ಹೇಳುವುದಾದರೆ ಜಲ್ಪದ ಬಿಸಿಯನ್ನು ಪೂರ್ತಿ ಉಳಿಸಿಕೊಂಡು ವಾದದ ಗುರಿಯನ್ನು ಮುಟ್ಟುವ ಈ ರೂಪಕ್ಕೆ ನ್ಯಾಯಶಾಸ್ತ್ರದಲ್ಲೂ ಹೆಸರಿಲ್ಲ. ಹಳ್ಳಿಯ ಹಾಡುಗಾರರಾದ ಶಾಹೀರರು ಅದನ್ನು ಕಟ್ಟಿದರು. ಗೋಕಾಕ–ಮೂಡಲಗಿ ಸೀಮೆಯ ಕುಲಗೋಡದ ತಮ್ಮಣ್ಣ ಬೆಳೆಸಿದ, ಕೌಜಲಗಿಯ ನಿಂಗಮ್ಮ ಹೆಸರುಗಳಿಸಿದ ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟದಲ್ಲೂ ರುಕ್ಮಿಣಿ–ಸತ್ಯಭಾಮೆಯರ ನಡುವಿನ ಮೇಲಾಟ ಒಬ್ಬಳ ಪಟ್ಟಾಭಿಷೇಕದಲ್ಲಿ ಮುಗಿಯದೆ ಸತ್ಯಭಾಮೆಯ ಅಹಂಕಾರ ಕರಗುವುದರಲ್ಲಿ ಮುಗಿಯುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಎಲ್ಲವನ್ನೂ ಬರಾಬರಿ ಎಂದು ಬಿಟ್ಟರೆ, ಎಲ್ಲ ವಾದಕ್ಕೂ ಮಂಗಳ ಹಾಡಿದರೆ, ಪರಿಶ್ರಮಕ್ಕೆ ಬೆಲೆ ಎಲ್ಲಿ, ಸಣ್ಣವನು ದೊಡ್ಡವನನ್ನು ಕೆಡಹುವ ಸಂತೋಷ ಎಲ್ಲಿ? ಆಕ್ಷೇಪ ನ್ಯಾಯವಾದದ್ದು. 2010ರಲ್ಲಿ ಕಾಂಗೊ ದೇಶದ ಲುಬುಂಬಾಶಿಯ ಟಿಪಿ ಮಾಜೆಂಬೆ ಬ್ರೆಜಿಲಿನ ಇಂಟರ್‌ನ್ಯಾಸಿಯೊನಾಲನ್ನು 2–0ರಿಂದ ಸೋಲಿಸಿ ಕ್ಲಬ್ ವಿಶ್ವಕಪ್ಪಿನ ಅಂತಿಮ ಪಂದ್ಯ ತಲುಪಿದ ಮೊದಲ ಆಫ್ರಿಕದ ತಂಡವಾದಾಗ, 2014ರಲ್ಲಿ ಬೇರೆ ಉದ್ಯೋಗ ಮಾಡಿಕೊಂಡಿರುವ ಹವ್ಯಾಸಿಗಳೇ ತುಂಬಿದ್ದ ಆಕ್ಲೆಂಡ್ ಸಿಟಿ ಮೂರನೆಯ ಸ್ಥಾನ ಪಡೆದಾಗ, ನಾಕೌಟ್ ಮಾತ್ರ ಕೊಡಬಲ್ಲ ಒಂದು ಘನತೆ ಆ ತಂಡಗಳಿಗೆ ದೊರೆಯಿತು. ಲೀಗಿನ ದೀರ್ಘ ಲೆಕ್ಕದಲ್ಲಿ ಹಣವಂತರು ಮೇಲಾಗುವುದೇ ಹೆಚ್ಚು. ಒಂದು ಸಂಜೆಯ ಪಂದ್ಯದಲ್ಲಿ ಬಡವನಿಗೂ ಬಾಗಿಲು ತೆರೆದಿರುತ್ತದೆ. ಆದ್ದರಿಂದಲೇ ನಿಕಾಲಿ ಉಳಿಯಬೇಕು.

ಆದರೆ ನಿಕಾಲಿಗೆ ಜೋಡಿ ಸರಿಯಾಗಿರಬೇಕು ಎಂಬುದು ಮಣ್ಣಿನ ಕಣದ ಮೊದಲ ನ್ಯಾಯ, ಇಂದಿನ ಇಂಟರ್‌ಕಾಂಟಿನೆಂಟಲ್ ಕಪ್ ಎಡವಿರುವುದು ಇಲ್ಲಿಯೇ. 2024ರ ಏರ್ಪಾಡಿನಲ್ಲಿ ಓಷಿಯಾನಿಯಾದ ಆಕ್ಲೆಂಡ್ ಸಿಟಿ ಮತ್ತು ಏಷ್ಯಾದ ಅಲ್ ಐನ್ ಮೊದಲ ಮೆಟ್ಟಿಲಿನಲ್ಲಿ ಸೆಣಸಿದವು, ಗೆದ್ದ ಅಲ್ ಐನ್ ಆಫ್ರಿಕದ ಅಲ್ ಅಹ್ಲಿಗೆ ಸೋತಿತು. ದಕ್ಷಿಣ ಅಮೆರಿಕದ ಬೊಟಾಫೊಗೊ ಡಿಸೆಂಬರ್ 8ರಂದು ಬ್ರೆಜಿಲಿನ ಲೀಗ್ ಗೆದ್ದು, ಕಡಲು ದಾಟಿ ಬಂದು, 11ರಂದು ಕತಾರಿನಲ್ಲಿ ಮೆಕ್ಸಿಕೊದ ಪಚೂಕಾ ಎದುರು ಆಡಿ 0–3ರಿಂದ ಸೋತಿತು; ಪಚೂಕಾ 14ರಂದು ಅಲ್ ಅಹ್ಲಿಯನ್ನು ಪೆನಾಲ್ಟಿಯಲ್ಲಿ ದಾಟಿ 18ರಂದು ಅಂತಿಮ ಪಂದ್ಯಕ್ಕೆ ಬಂದಿತು. ಅಲ್ಲಿ ಕಾಯುತ್ತಿದ್ದ ಯುರೋಪಿನ ಚಾಂಪಿಯನ್ ರಿಯಲ್ ಮ್ಯಾಡ್ರಿಡ್‌ಗೆ ಆ ಪಂದ್ಯಾವಳಿಯಲ್ಲಿ ಅದೇ ಮೊದಲ ಪಂದ್ಯ. ಅದು 3–0ರಿಂದ ಗೆದ್ದಿತು. ಒಂದು ಖಂಡಕ್ಕೆ ಒಂದೇ ಪಂದ್ಯ, ಇನ್ನೊಂದು ಖಂಡಕ್ಕೆ ಮೂರು ನಾಲ್ಕು. ಒಬ್ಬ ಪೈಲ್ವಾನನನ್ನು ಮೂರು ಕುಸ್ತಿ ಆಡಿಸಿ, ನಾಲ್ಕನೆಯದಕ್ಕೆ ದಣಿಯದವನನ್ನು ಎದುರು ಬಿಟ್ಟರೆ ಮೂಡಲಗಿಯ ಯಾವ ಪಂಚರೂ ಅದಕ್ಕೆ ಒಪ್ಪರು. ಪಟ್ಟವು ಸತ್ಯದ ಸಾಕ್ಷಿಯಲ್ಲ, ಬರಿಯ ತೀರ್ಪು ಎಂದಾದ ಮೇಲೆ ಅದರ ಮರ್ಯಾದೆಯೆಲ್ಲ ನಡೆದ ಕ್ರಮದ ನ್ಯಾಯದ ಮೇಲೆಯೇ ನಿಲ್ಲುತ್ತದೆ. ಆ ನ್ಯಾಯ ಸಮವಾಗಿ ಹಂಚಿಕೆಯಾಗದಿರುವವರೆಗೆ ಈ ಕಪ್ಪನ್ನು ಗೆದ್ದವರನ್ನು ಆ ಸಾಲಿನ ವಿಜೇತರೆಂದು ಗೌರವಿಸಬಹುದು, ಜಗತ್ತಿನ ಶ್ರೇಷ್ಠರೆಂದು ಒಪ್ಪಬೇಕಾಗಿಲ್ಲ.

ಈ ವಿವೇಕವನ್ನು ಕಾಪಾಡಿದ ಜಾತ್ರೆಗಳಲ್ಲೇ ಈಗ ಸಮತೋಲ ತಪ್ಪುವ ಅಪಾಯವಿದೆ. ನಿಕಾಲಿ ಕುಸ್ತಿಗೂ ಎತ್ತಿನ ಗಾಡಿಯ ಶರ್ಯತ್ತಿಗೂ ಬಹುಮಾನದ ಹಣ ಸುಲಭವಾಗಿ ಕೂಡುತ್ತದೆ, ಏಕೆಂದರೆ ಗೆದ್ದವನ ಭಾವಚಿತ್ರದ ಪಕ್ಕದಲ್ಲಿ ಕೊಟ್ಟವನ ಭಾವಚಿತ್ರವೂ ಇರುತ್ತದೆ. ಗೆದ್ದವರೇ ಇಲ್ಲದ ಹರದೇಶಿ–ನಾಗೇಶಿಗೆ ಕೊಡುವ ಕೈ ಅಷ್ಟು ಬೇಗ ಮುಂದೆ ಬಾರದು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಜಾತ್ರಾ ಸಮಿತಿಗಳು ಕುಸ್ತಿಯ ಕಣಕ್ಕೆ ಒಂದು ಮಧ್ಯಾಹ್ನವನ್ನು ಮೀಸಲಿಡುವಂತೆಯೇ ಎರಡು ಗೀಗೀ ಮೇಳಗಳಿಗೆ ಒಂದು ಪೂರ್ಣ ರಾತ್ರಿಯನ್ನು ಮೀಸಲಿಡಲಿ, ಎರಡೂ ಮೇಳಗಳಿಗೆ ಸಮನಾದ ಸಂಭಾವನೆ ಕೊಡಲಿ, ಕುಸ್ತಿ ನೋಡಲು ಬಂದ ಹುಡುಗರನ್ನು ಆ ರಾತ್ರಿ ಮುಂದಿನ ಸಾಲಿನಲ್ಲೇ ಕೂರಿಸಲಿ.